ಲೆಕ್ಕ ಕಲಿಸುವ ಪ್ರಯೋಗಕ್ಕೆ ಸಂಘಗಳನ್ನು ಒಪ್ಪಿಸುವ ಬಗೆ

(ಹೇಮಗಿರಿಯ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಇಲ್ಲಿ ದನಗಳ ಜಾತ್ರೆ ಸೇರಿದಾಗ ನೀವೆಲ್ಲರೂ ಕಂಡಿರುವ ಒಂದು ನೋಟದಿಂದಲೇ ಮಾತು ಆರಂಭಿಸುತ್ತೇನೆ. ಎತ್ತಿನ ಜೋಡಿಯ ಮುಂದೆ ರೈತನೂ ದಲ್ಲಾಳಿಯೂ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಸಾವಿರ, ಹತ್ತು ಸಾವಿರ, ಲಕ್ಷದ ಮಾತು ಬಾಯಿ ತೆರೆಯದೆ ಮುಗಿದುಹೋಗುತ್ತದೆ. ಹಾಗೆ ವ್ಯಾಪಾರ ಮುಗಿಸಿದ ರೈತನೇ ಮಾರನೆಯ ದಿನ ಸಾಲದ ಪುಸ್ತಕ ಹಿಡಿದು, 'ಇದೊಸಿ ನೋಡಿ ಹೇಳಿ ಮೇಷ್ಟ್ರೆ' ಎಂದು ಬರುತ್ತಾನೆ. ಈತನಿಗೆ ಲೆಕ್ಕ ಬಾರದೆಂದು ಹೇಳುವವರು ಯಾರು? ಲೆಕ್ಕ ಬರುತ್ತದೆ, ಕಾಗದದ ಮೇಲಿನ ಲೆಕ್ಕ ಬಾರದು.

ಇದು ನನ್ನೊಬ್ಬನ ಊಹೆಯಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಕಲ್ಕತ್ತ ಮತ್ತು ದೆಹಲಿಯ ಸಂತೆಗಳಲ್ಲಿ ದುಡಿಯುವ ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ಇದನ್ನೇ ಪ್ರಕಟಿಸಿದರು. ತರಕಾರಿಯ ಲೆಕ್ಕವನ್ನು ಮನಸ್ಸಿನಲ್ಲೇ ತಪ್ಪಿಲ್ಲದೆ ಮಾಡುವ ಮಕ್ಕಳು ಪುಸ್ತಕದ ಭಾಗಾಕಾರದ ಮುಂದೆ ಸೋತರು. ಶಾಲೆಯ ಮಕ್ಕಳಾದರೋ ಸಂತೆಯ ಲೆಕ್ಕಕ್ಕೆ ತಡವರಿಸಿದರು. ಮೇಷ್ಟರಾಗಿದ್ದ ನನಗೆ ಇದನ್ನು ಓದಿ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ರಾತ್ರಿ ಶಾಲೆಯಲ್ಲಿ ನಾನು ದೊಡ್ಡವರ ಕೈಯಲ್ಲಿ ಒಂದರಿಂದ ನೂರರವರೆಗೆ ತಿದ್ದಿಸಿದವನು. ನಾಲ್ಕೇ ದಿನಕ್ಕೆ ಬಿಟ್ಟುಹೋದ ಒಬ್ಬ ತಾಯಿ ಹದಿನೈದು ದಿನದ ಹಾಲಿನ ದುಡ್ಡನ್ನು ಪೈಸೆ ತಪ್ಪದೆ ನೆನಪಿನಲ್ಲಿಟ್ಟಿದ್ದರು. ಆಕೆಗೆ ಬೇಕಾಗಿದ್ದುದು ಮಗ್ಗಿಯಲ್ಲ, ಆ ಚೀಟಿಯಲ್ಲಿನ ಕೊಬ್ಬಿನಂಶದ ಅಂಕಿ.

ಕಾಗದದ ಲೆಕ್ಕ ಬಾರದಿದ್ದರೆ ಏನಾಗುತ್ತದೆ? ಒಂದು ಸಾಲ ತೆಗೆದುಕೊಳ್ಳಿ. 12,000 ರೂಪಾಯಿ, ಹನ್ನೆರಡು ಕಂತು. ತಿಂಗಳಿಗೆ ಅಸಲು 1,000, ಬಡ್ಡಿ 120. 'ನೂರಕ್ಕೆ ಒಂದೇ ರೂಪಾಯಿ ಬಡ್ಡಿ ಕಣಮ್ಮ' ಎನ್ನುತ್ತಾರೆ. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮಾತ್ರ 120ಕ್ಕೇ ನಿಂತಿರುತ್ತದೆ. ಕೊನೆಯ ಕಂತಿಗೆ ಉಳಿದ ಅಸಲು ಬರೀ ಸಾವಿರ, ಬಡ್ಡಿ ಅದೇ 120! ವರ್ಷದಲ್ಲಿ ಸರಾಸರಿ ಕೈಯಲ್ಲಿದ್ದುದು 6,500, ಕೊಟ್ಟ ಬಡ್ಡಿ 1,440. ನೂರಕ್ಕೆ ಹನ್ನೆರಡೆಂದದ್ದು ಇಪ್ಪತ್ತೆರಡನ್ನು ದಾಟಿತು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದರೆ ಈ ಕಂತಿನ ಲೆಕ್ಕವನ್ನು ಕಾಯಿದೆ ಬಂದು ಓದಿಕೊಡುವುದಿಲ್ಲ.

ಕಬ್ಬಿನದೂ ಇದೇ ಕಥೆ. 2025-26ರ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ ದರ ಶೇಕಡ 10.25 ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಇಳುವರಿ 0.1 ಇಳಿದರೆ 3 ರೂಪಾಯಿ 46 ಪೈಸೆ ಕಡಿತ. ಅರ್ಧ ಅಂಶ ಇಳಿದರೆ ಟನ್ನಿಗೆ 173 ರೂಪಾಯಿ ಹೋಯಿತು. ಚುಕ್ಕೆಯ ಬಲಗಡೆ ಏನಿದೆಯೆಂದು ತಿಳಿಯದವನಿಗೆ ಹೋದದ್ದೂ ತಿಳಿಯದು. 2011ರ ಜನಗಣತಿಯಲ್ಲಿ ನಮ್ಮ ಮಂಡ್ಯ ಜಿಲ್ಲೆಯ ನೂರಕ್ಕೆ 70 ಮಂದಿ ಅಕ್ಷರಸ್ಥರೆನಿಸಿಕೊಂಡರು. ಆ ಗಣತಿ ಕೇಳಿದ್ದು ಅರ್ಥಮಾಡಿಕೊಂಡು ಓದಿ ಬರೆಯಲು ಬರುತ್ತದೆಯೇ ಎಂದಷ್ಟೆ. ಕೂಡಿ ಕಳೆಯಲು ಬರುತ್ತದೆಯೇ ಎಂದು ಕೇಳಲೇ ಇಲ್ಲ.

ಹಾಗಾದರೆ ಕಲಿಸಿಬಿಡೋಣ, ಪ್ರಯೋಗವೇಕೆ ಎಂದು ಕೇಳುತ್ತೀರಿ. ಹೇಗೆ ಕಲಿಸಿದರೆ ನಿಲ್ಲುತ್ತದೆ ಎಂಬುದು ನನಗಂತೂ ತಿಳಿದಿರಲಿಲ್ಲ, ಆ ತಾಯಿ ಎದ್ದುಹೋದದ್ದೇ ಸಾಕ್ಷಿ. ಆಫ್ರಿಕದ ನೈಜರ್ ದೇಶದಲ್ಲಿ ಕೆಲವು ಹಳ್ಳಿಗಳ ವಯಸ್ಕರಿಗೆ ಮಾಮೂಲು ಪಾಠವನ್ನೂ, ಬೇರೆ ಕೆಲವಕ್ಕೆ ಅದರ ಜೊತೆಗೆ ಸಾದಾ ಮೊಬೈಲ್ ಬಳಸುವುದನ್ನೂ ಹೇಳಿಕೊಟ್ಟು ನೋಡಿದರು. ಯಾವ ಹಳ್ಳಿಗೆ ಯಾವುದು ಎಂಬುದನ್ನು ಆರಿಸಿದ್ದು ಚೀಟಿ ಎತ್ತಿದ ಹಾಗೆ, ಯಾರ ಮರ್ಜಿಯಿಂದಲೂ ಅಲ್ಲ. ಪಾಠ ನಿಂತು ಏಳು ತಿಂಗಳಾದ ಮೇಲೂ ಮೊಬೈಲಿನ ಹಳ್ಳಿಗಳವರು ಲೆಕ್ಕದಲ್ಲಿ ಮುಂದಿದ್ದರೆಂದು 2012ರಲ್ಲಿ ವರದಿಯಾಯಿತು. ಹೋಲಿಸಲು ಇನ್ನೊಂದು ಗುಂಪಿಲ್ಲದಿದ್ದರೆ ಇದು ಗೊತ್ತಾಗುವ ದಾರಿಯೇ ಇರಲಿಲ್ಲ.

ವಿಶ್ವವಿದ್ಯಾಲಯದವರಾಗಲಿ ಸರಕಾರದವರಾಗಲಿ ಇಂಥ ಕೆಲಸಕ್ಕೆ ಬಂದರೆ, 'ಸಂಘಗಳನ್ನು ಒಪ್ಪಿಸಿಕೊಡಿ' ಎಂದು ಕೇಳುವುದು ನಮ್ಮಂಥವರನ್ನೇ. ಬಿಡಿ ಜನರನ್ನು ಬಿಟ್ಟು ಸಂಘಗಳೇ ಏಕೆ? ಒಂದೇ ಹಾಲಿನ ಸಂಘದಲ್ಲಿ ಅರ್ಧ ಮಂದಿಗೆ ಕಲಿಸಿದರೆ, ಅವರು ಸಂಜೆಯ ಸಾಲಿನಲ್ಲಿ ನಿಂತು ಉಳಿದರ್ಧಕ್ಕೆ ಹೇಳಿಕೊಡುತ್ತಾರೆ. ಒಳ್ಳೆಯದೇ, ಆದರೆ ಹೋಲಿಕೆ ಕೆಟ್ಟಿತು. ಆದುದರಿಂದ ಇಡೀ ಸಂಘಕ್ಕೆ ಒಂದು ಚೀಟಿ. ಎರಡು ನಾಲ್ಕು ಸಂಘ ಸಾಲವು, ಹತ್ತಾರು ಬೇಕು.

ಕಷ್ಟವಿರುವುದು ಇಲ್ಲಿಯೇ. ನಾವು ಮೊದಲು ಹೋಗುವುದು ನಮ್ಮ ಗುರುತಿನ ಕಾರ್ಯದರ್ಶಿಯ ಬಳಿಗೆ. ಆತ ಒಪ್ಪುತ್ತಾನೆ, ಕಾಫಿಯನ್ನೂ ಕೊಡುತ್ತಾನೆ. ಹೀಗೆ ಒಪ್ಪುವವರನ್ನಷ್ಟೆ ಕೂಡಿಸಿದರೆ, ಲೆಕ್ಕ ಮೊದಲೇ ನೆಟ್ಟಗಿರುವ ಸಂಘಗಳಲ್ಲಿ ಮಾತ್ರ ಪ್ರಯೋಗ ಗೆದ್ದಂತಾಯಿತು. ಒಬ್ಬ ಕಾರ್ಯದರ್ಶಿ ನನಗೆ ಬಾಯಿಬಿಟ್ಟೇ ಹೇಳಿದ: 'ಇವ್ರಿಗೆಲ್ಲ ಲೆಕ್ಕ ಕಲ್ಸುದ್ರೆ ನನ್ ಮ್ಯಾಲೇ ಅನುಮಾನ ಪಡ್ತಾರಲ್ಲ ಮೇಷ್ಟ್ರೆ?' ನನಗೆ ಸಿಟ್ಟು ಬಂದಿತು. ಆಮೇಲೆ ಯೋಚಿಸಿದರೆ, ಎಲ್ಲ ಕೆಲಸವನ್ನೂ ಒಬ್ಬನೇ ಮಾಡಿ ಬೈಸಿಕೊಳ್ಳುವ ಆತನ ಭಯವೂ ಪೂರ್ತಿ ಸುಳ್ಳಲ್ಲ. ಅಂಥವನಿಗೆ ಹೇಳಬೇಕಾದುದಿಷ್ಟೆ: ಪಾಠಕ್ಕೆ ನಿನ್ನ ಸಂಘದ ಪುಸ್ತಕ ತರಿಸುವುದಿಲ್ಲ, ಮಾದರಿ ಚೀಟಿ ಇಟ್ಟುಕೊಂಡು ಕಲಿಸುತ್ತೇವೆ. ಅದಕ್ಕೂ ಒಪ್ಪದಿದ್ದರೆ ಒಪ್ಪಲಿಲ್ಲವೆಂದು ಬರೆದುಕೊಂಡು ಬನ್ನಿ. ಯಾರು ಒಪ್ಪಲಿಲ್ಲ ಎಂಬುದೂ ಫಲಿತಾಂಶದ ಒಂದು ಭಾಗವೇ.

ಕಾರ್ಯದರ್ಶಿಯ ಸಹಿ ಸದಸ್ಯರ ಒಪ್ಪಿಗೆಯಲ್ಲ. ಸಭೆ ಕರೆದು ಹೇಳಿ, ಬಳಿಕ ಒಬ್ಬೊಬ್ಬರನ್ನೂ ಕೇಳಿ. ಬೇಡವೆಂದವರ ಹಾಲು ನಿಲ್ಲದು, ಸಾಲ ನಿಲ್ಲದು ಎಂದು ಎಲ್ಲರ ಎದುರಿಗೇ ಹೇಳಿ. ಸ್ತ್ರೀಶಕ್ತಿ ಗುಂಪುಗಳಲ್ಲಿ ಇದು ಇನ್ನೂ ಮುಖ್ಯ. ಗುಂಪಿನ ಮರ್ಯಾದೆಗಾಗಿ ಹೂಂ ಎನ್ನುವ ಹೆಂಗಸರುಂಟು. ಪರೀಕ್ಷೆಯ ಅಂಕವನ್ನು ಊರ ಮುಂದೆ ಓದಕೂಡದು. ಐವತ್ತು ವರ್ಷದವರನ್ನು ಮೊಮ್ಮಕ್ಕಳೆದುರು ದಡ್ಡರೆನಿಸಿದರೆ ಮತ್ತೆ ಅವರು ಆ ಬಾಗಿಲಿಗೆ ಬರುವುದಿಲ್ಲ.

ಇನ್ನು ಚೀಟಿಯಲ್ಲಿ 'ಕಾಯಬೇಕು' ಎಂದು ಬಂದ ಸಂಘಗಳು. ಇವರು ಮುನಿಸಿಕೊಂಡು ಬಿಟ್ಟುಹೋದರೆ ಪ್ರಯೋಗ ಮುರಿದಂತೆಯೇ. ಅದಕ್ಕಾಗಿ ಚೀಟಿಯನ್ನು ಎಲ್ಲ ಸಂಘದವರ ಮುಂದೆ ಒಂದು ಮಗುವಿನ ಕೈಲಿ ಎತ್ತಿಸಿ. ಅವರ ಪಾಠ ಯಾವ ತಿಂಗಳು ಆರಂಭವೆಂಬುದನ್ನು ಅಂದೇ ಬರೆಸಿ, ಪ್ರತಿಯನ್ನು ಸಂಘದ ಗೋಡೆಗೆ ಅಂಟಿಸಿ. ಬಂದವರು ಆ ತಾರೀಖನ್ನು ಬರೆದುಕೊಡಲು ಹಿಂಜರಿದರೆ, ಅವರಿಗಾಗಿ ಒಂದು ಸಂಘದ ಬಾಗಿಲನ್ನೂ ತಟ್ಟಬೇಡಿ.

ಮತ್ತೊಂದು ಮಾತು. ಹಾಲಿನ ಸಂಘಕ್ಕೆ ಹೋಗುವವರು ಬೆಳಿಗ್ಗೆ ಅಳತೆಯ ವೇಳೆಯಲ್ಲಿ ಹೋಗಬೇಡಿ, ಯಾರಿಗೂ ಪುರಸೊತ್ತಿರುವುದಿಲ್ಲ. ಹಾಲಿನ ಗಾಡಿ ಹೊರಟ ಮೇಲೆ ಹೋಗಿ, ಬಟವಾಡೆಯ ದಿನವಾದರೆ ಇನ್ನೂ ಮೇಲು. ಆ ದಿನ ಎಲ್ಲರ ಕೈಯಲ್ಲೂ ಚೀಟಿ ಇರುತ್ತದೆ.