ಕಸುಬು ಬಿಡಿಸದ ಓದು

ದೊಡ್ಡಬಳ್ಳಾಪುರದ ಮಗ್ಗದ ಮನೆಯೊಳಗೆ ಮಾತಾಡಬೇಕೆಂದರೆ ಕಿವಿಯ ಹತ್ತಿರ ಬಾಯಿಟ್ಟು ಕೂಗಬೇಕು. ಆ ಸದ್ದಿನ ನಡುವೆಯೇ ಇಪ್ಪತ್ತರ ಹುಡುಗನೊಬ್ಬ ಕಡಿದ ಎಳೆ ಹುಡುಕಿ, ಎರಡು ಬೆರಳಲ್ಲಿ ಗಂಟು ಹಾಕಿ, ಮತ್ತೆ ಮಗ್ಗ ಓಡಿಸುತ್ತಾನೆ. ರೆಪ್ಪೆ ಬಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಕೈಗೆ ಹತ್ತಲು ಮಾತ್ರ ವರ್ಷಗಳೇ ಬೇಕು. ಇಂಥ ಕೈಗೆ ಎಂಥ ಕಾಲೇಜು ಬೇಕು?

ಸ್ವಾತಂತ್ರ್ಯ ಬಂದ ಕಾಲಕ್ಕೇ ಮೈಸೂರು ಸೀಮೆ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತ್ತು. ಅಲ್ಲಿನ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಹಳ್ಳಿಯಲ್ಲಿ ಅಕ್ಷರ ಕಲಿಸುತ್ತಿತ್ತು. ಆದರೆ ಕಲಿತವರಿಗೆ ಓದಲು ಏನಾದರೂ ಬೇಕಲ್ಲ? ಅದಕ್ಕೆಂದು ‘ಬೆಳಕು’ ವಾರಪತ್ರಿಕೆ, ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆ ಬಂದವು. ಓದು ಹಿಡಿದ ಹಳ್ಳಿಯ ಯುವಕರ ಮುಂದಿನ ಕಲಿಕೆಗೆ 1947ರಲ್ಲಿ ನಂಜನಗೂಡಿನಲ್ಲಿ ಮೊದಲ ವಿದ್ಯಾಪೀಠ ಶುರುವಾಯಿತು.

ಇದರ ಬೀಜ ಡೆನ್ಮಾರ್ಕಿನದು. ಗ್ರುಂಟ್‌ವಿಗ್ ಎಂಬ ಪಾದ್ರಿಯ ವಿಚಾರದಿಂದ 1844ರಲ್ಲಿ ರೋಡಿಂಗ್ ಎಂಬಲ್ಲಿ ರೈತರ ಮಕ್ಕಳಿಗಾಗಿ ಮೊದಲ ಜನತಾ ಪ್ರೌಢಶಾಲೆ ತೆರೆಯಿತು. ಅಲ್ಲಿ ಪರೀಕ್ಷೆಯ ಮಾತಿರಲಿಲ್ಲ. ಒಟ್ಟಿಗೆ ಇದ್ದು, ಉಂಡು, ಹಾಡಿ, ಚರಿತ್ರೆ ಕೇಳಿ, ಮತ್ತೆ ತಮ್ಮ ಹೊಲಕ್ಕೇ ಮರಳುವುದು. ನನಗೆ ತುಂಬ ಹಿಡಿಸಿದ್ದು ಅವರ ವೇಳಾಪಟ್ಟಿ. ಹೊಲದ ಕೆಲಸ ನಿಂತ ಚಳಿಗಾಲದಲ್ಲಿ ಗಂಡುಮಕ್ಕಳಿಗೆ ಪಾಠ, ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೆ. ಶಾಲೆಯೇ ಬೇಸಾಯದ ಲೆಕ್ಕಕ್ಕೆ ಹೊಂದಿಕೊಂಡಿತ್ತು!

ನಂಜನಗೂಡಿನಲ್ಲೂ ಯುವ ರೈತರು ಕೆಲವು ತಿಂಗಳು ಜೊತೆಯಾಗಿದ್ದು ಬೇಸಾಯ, ಸಹಕಾರ, ಆರೋಗ್ಯ, ಕೈಕಸುಬು, ಹಾಡು, ನಾಟಕ ಕಲಿತರು. ಹಳ್ಳಿಯಿಂದ ಬುದ್ಧಿವಂತನನ್ನು ಹೆಕ್ಕಿ ಪಟ್ಟಣಕ್ಕೆ ಕಳಿಸುವುದು ಈ ವಿದ್ಯಾಪೀಠದ ಗುರಿಯಾಗಿರಲಿಲ್ಲ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಗೌರವ.

ಮುಂದೆ ಇದೇ ಹಂಬಲ ಮೇಲ್ಮಟ್ಟದ ಶಿಕ್ಷಣಕ್ಕೂ ಹಬ್ಬಿತು. 1948-49ರ ರಾಧಾಕೃಷ್ಣನ್ ಆಯೋಗ ಗ್ರಾಮೀಣ ವಿಶ್ವವಿದ್ಯಾಲಯಗಳು ಬೇಕೆಂದಿತು. ಆಯೋಗದಲ್ಲಿದ್ದ ಅಮೆರಿಕದ ಆರ್ಥರ್ ಮಾರ್ಗನ್ ಅದರ ಪರವಾಗಿ ಗಟ್ಟಿಯಾಗಿ ನಿಂತವರು. 1956ರಿಂದ ದೇಶದಲ್ಲಿ ಗ್ರಾಮೀಣ ಶಿಕ್ಷಣ ಸಂಸ್ಥೆಗಳು ಹುಟ್ಟಿಕೊಂಡವು. ನಮ್ಮಲ್ಲಿ ರಾಣೆಬೆನ್ನೂರಿನ ಹತ್ತಿರದ ಹನುಮನಮಟ್ಟಿಗೂ ಅಂಥದ್ದೊಂದು ಬಂತು. ಗ್ರಾಮಸೇವೆಯ ಮೂರು ವರ್ಷದ ಡಿಪ್ಲೊಮಾ ಈ ಸಂಸ್ಥೆಗಳ ಮುಖ್ಯ ಕೋರ್ಸು. ಆದರೆ ಡಿಪ್ಲೊಮಾ ಹಿಡಿದವನನ್ನು ಊರು ಕೇಳಿದ್ದು ಒಂದೇ ಮಾತು: ಇದು ಬಿ.ಎ.ಗೆ ಸಮವೋ? ಆ ತಕ್ಕಡಿಯಲ್ಲಿ ತೂಗಿಯೇ ಯೋಜನೆ ಸೊರಗಿತು. ಹುಡುಗರನ್ನು ದೂರಲಾರೆ, ಕೆಲಸ ಕೊಡುವವರು ಕೇಳುತ್ತಿದ್ದದ್ದು ಪದವಿಯನ್ನೇ.

ನಮ್ಮೂರು ದೊಡ್ಡಬಳ್ಳಾಪುರದ ದಾರಿ ಬೇರೆ. ಇಲ್ಲಿ ನೇಕಾರ ಸಮುದಾಯದ ದೇವಾಂಗ ಮಂಡಲಿ ತಾನೇ ಕಾಲೇಜು ನಡೆಸುತ್ತಿದೆ. ಅದಕ್ಕೆ ಲೋಕಸೇವಾನಿರತ ಡಿ. ಕೊಂಗಾಡಿಯಪ್ಪನವರ ಹೆಸರು. ನೂಲಿನ ಊರು ತನ್ನ ಮಕ್ಕಳಿಗೆ ಪದವಿಯ ಬಾಗಿಲನ್ನು ಮನೆಯ ಹತ್ತಿರಕ್ಕೇ ತಂದುಕೊಂಡಿತು. ದಿನವೂ ಬೆಂಗಳೂರಿಗೆ ಹೋಗಿಬರುವ ಖರ್ಚಿಗೆ ಹೆದರುವ ಮನೆಗಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಇದು ಸಣ್ಣ ಸಂಗತಿಯಲ್ಲ.

ಪದವಿಯ ಆ ಬಾಗಿಲ ಪಕ್ಕದಲ್ಲೇ ನಂಜನಗೂಡಿನ ಬಾಗಿಲೂ ಒಂದು ಬೇಕು ಅನ್ನುತ್ತೇನೆ ನಾನು. ಆಷಾಢದಲ್ಲಿ ಮದುವೆಗಳಿಲ್ಲ, ಸೀರೆ ವ್ಯಾಪಾರ ಮಂಕು. ಡೆನ್ಮಾರ್ಕಿನ ರೈತನಿಗೆ ಚಳಿಗಾಲ ಹೇಗೋ, ನಮ್ಮ ನೇಕಾರನಿಗೆ ಆ ತಿಂಗಳು ಹಾಗೆ. ಆಗ ಕಲಿಯಲಿ ಬಣ್ಣ, ವಿನ್ಯಾಸ, ಸಹಕಾರ ಸಂಘದ ಲೆಕ್ಕ, ಜೊತೆಗೆ ಒಂದಿಷ್ಟು ಹಾಡು, ಚರಿತ್ರೆ. ಎಳೆಗೆ ಗಂಟು ಹಾಕುವ ಆ ಹುಡುಗನನ್ನು ಮೊದಲ ಬೆಂಚಿಗೆ ಕರೆದು ಕೂರಿಸಬೇಕೆಂದು ನನ್ನಾಸೆ.