ಒಂದು ಮತ, ಹಲವು ಪ್ರಾಶಸ್ತ್ಯಗಳು: ಸ್ಕಾಟ್ಲೆಂಡಿನ ಸ್ಥಳೀಯ ಮಂಡಳಿಗಳ ಅನುಭವ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಒಂದು ವಾರ್ಡಿಗೆ ಮೂರು ಸ್ಥಾನಗಳಿದ್ದರೆ ಪ್ರತಿ ಮತದಾರರಿಗೂ ಮೂರು ಮತಗಳಿರುತ್ತವೆ. ಮೀಸಲಾತಿಯ ವಿಚಾರವನ್ನು ಸದ್ಯಕ್ಕೆ ಬದಿಗಿಟ್ಟು, ಅಲ್ಲಿ 1000 ಮಂದಿ ಮತ ಚಲಾಯಿಸಿದರೆಂದು ಭಾವಿಸೋಣ. ಅವರಲ್ಲಿ 550 ಮಂದಿ ಒಗ್ಗಟ್ಟಿನಿಂದ ಮೂವರನ್ನೇ ಬೆಂಬಲಿಸಿದರೆ ಮೂರೂ ಸ್ಥಾನಗಳು ಅವರ ಪಾಲಾಗುತ್ತವೆ. ಉಳಿದ 450 ಮಂದಿಗೆ ಒಬ್ಬ ಪ್ರತಿನಿಧಿಯೂ ದೊರೆಯುವುದಿಲ್ಲ. ಇದು ಯಾರ ತಪ್ಪೂ ಅಲ್ಲ. ಎಣಿಕೆಯ ಕ್ರಮದ ಫಲ. ಕ್ರಮ ಬದಲಾದರೆ ಫಲವೂ ಬದಲಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡ್ ಉತ್ತಮ ನಿದರ್ಶನ.

ಅಲ್ಲಿನ 32 ಸ್ಥಳೀಯ ಮಂಡಳಿಗಳಿಗೆ ಮೊದಲು ವಾರ್ಡಿಗೊಬ್ಬರಂತೆ, ಹೆಚ್ಚು ಮತ ಪಡೆದವರೇ ಗೆಲ್ಲುವ ಕ್ರಮದಲ್ಲಿ ಚುನಾವಣೆ ನಡೆಯುತ್ತಿತ್ತು. 2003ರಲ್ಲಿ ಗ್ಲಾಸ್ಗೊ ನಗರದಲ್ಲಿ ಲೇಬರ್ ಪಕ್ಷವು ಅರ್ಧಕ್ಕಿಂತ ಕಡಿಮೆ ಮತ ಪಡೆದರೂ 79 ಸ್ಥಾನಗಳ ಪೈಕಿ 71ನ್ನು ಗೆದ್ದಿತು. ದೇಶದಾದ್ಯಂತ 61 ವಾರ್ಡುಗಳಲ್ಲಿ ಅವಿರೋಧ ಆಯ್ಕೆ ನಡೆದು, ಅಲ್ಲಿನ ಜನರಿಗೆ ಮತ ಚಲಾಯಿಸುವ ಅವಕಾಶವೇ ಇರಲಿಲ್ಲ.

2004ರಲ್ಲಿ ಹೊಸ ಕಾನೂನು ಜಾರಿಯಾಗಿ, 2007ರ ಮೇ 3ರಂದು ಏಕ ವರ್ಗಾವಣೀಯ ಮತ ಪದ್ಧತಿಯಲ್ಲಿ ಮೊದಲ ಚುನಾವಣೆ ನಡೆಯಿತು. ವಾರ್ಡುಗಳನ್ನು ದೊಡ್ಡದು ಮಾಡಿ ಪ್ರತಿಯೊಂದಕ್ಕೂ ಮೂರು ಅಥವಾ ನಾಲ್ಕು ಸ್ಥಾನಗಳನ್ನು ನೀಡಲಾಯಿತು. ಸ್ಥಾನಗಳು ಎಷ್ಟೇ ಇರಲಿ, ಮತದಾರರಿಗೆ ಮತ ಒಂದೇ. ಆದರೆ ಅಭ್ಯರ್ಥಿಗಳ ಮುಂದೆ 1, 2, 3 ಎಂದು ತಮ್ಮ ಪ್ರಾಶಸ್ತ್ಯವನ್ನು ಬರೆಯಬಹುದು. ಸಿಂಧುವಾದ 1000 ಮತಗಳಿದ್ದು ಮೂರು ಸ್ಥಾನಗಳಿದ್ದರೆ ಗೆಲ್ಲಲು 251 ಮತಗಳು ಸಾಕು. ಗೆದ್ದವರ ಹೆಚ್ಚುವರಿ ಮತಮೌಲ್ಯವೂ, ಕಡಿಮೆ ಮತ ಪಡೆದು ಸ್ಪರ್ಧೆಯಿಂದ ಹೊರಬಿದ್ದವರ ಮತಗಳೂ ಮುಂದಿನ ಪ್ರಾಶಸ್ತ್ಯದ ಅಭ್ಯರ್ಥಿಗೆ ವರ್ಗವಾಗುತ್ತವೆ. ಮೊದಲು ಹೇಳಿದ ಆ 450 ಮಂದಿ ಇಲ್ಲಿ ಒಗ್ಗಟ್ಟಾಗಿದ್ದರೆ ಕನಿಷ್ಠ ಒಬ್ಬ ಪ್ರತಿನಿಧಿಯನ್ನು ಖಂಡಿತವಾಗಿ ಪಡೆಯುತ್ತಿದ್ದರು.

2007ರಲ್ಲಿ ಗ್ಲಾಸ್ಗೊದಲ್ಲಿ ಲೇಬರ್ ಪಕ್ಷಕ್ಕೆ 45, ಸ್ಕಾಟಿಷ್ ನ್ಯಾಷನಲ್ ಪಕ್ಷಕ್ಕೆ 22 ಸ್ಥಾನಗಳು ದೊರೆತವು. ಉಳಿದವು ಇತರರಿಗೆ ಹಂಚಿಹೋದವು. ದೇಶದ ಯಾವ ವಾರ್ಡಿನಲ್ಲೂ ಅವಿರೋಧ ಆಯ್ಕೆ ನಡೆಯಲಿಲ್ಲ.

ಈ ಪದ್ಧತಿಗೂ ಮಿತಿಗಳಿವೆ. ಬಹುತೇಕ ಮಂಡಳಿಗಳಲ್ಲಿ ಯಾವೊಂದು ಪಕ್ಷಕ್ಕೂ ಬಹುಮತ ಬಾರದೆ, ಹೊಂದಾಣಿಕೆಯಿಂದಲೇ ಆಡಳಿತ ನಡೆಸಬೇಕಾಯಿತು. ಮತಪತ್ರದಲ್ಲಿ ಹೆಸರುಗಳು ಅಕಾರಾದಿಯಾಗಿ ಇರುವುದರಿಂದ, ಒಂದೇ ಪಕ್ಷದ ಇಬ್ಬರು ಕಣದಲ್ಲಿದ್ದಾಗ ಮೇಲಿನ ಹೆಸರಿನವರಿಗೆ ಹೆಚ್ಚು ಅನುಕೂಲವಾಗುವುದೂ ಕಂಡುಬಂದಿದೆ.

ಬಂಧುಗಳೇ, ಇದು ದೂರದ ದೇಶದ ಕಥೆಯಷ್ಟೇ ಅಲ್ಲ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳ ಪೈಕಿ 25 ಸ್ಥಾನಗಳನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರು ಇದೇ ಪದ್ಧತಿಯಲ್ಲಿ ತುಂಬುತ್ತಾರೆ. ಆ ಮತದಾರರಲ್ಲಿ ತಾವೂ ಇದ್ದೀರಿ. ಒಂದು ಸ್ಥಾನದ ಕ್ಷೇತ್ರದಲ್ಲಿ ಗೆಲುವಿನ ಕೋಟಾ ಸಿಂಧು ಮತಗಳ ಅರ್ಧಕ್ಕಿಂತ ಹೆಚ್ಚು. ಎರಡು ಸ್ಥಾನಗಳ ಕ್ಷೇತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು.

ಆದ್ದರಿಂದ ಕೆಲವು ಅಂಶಗಳನ್ನು ದಯವಿಟ್ಟು ನೆನಪಿನಲ್ಲಿಡಿ. 1 ಎಂಬ ಅಂಕಿಯನ್ನು ಒಬ್ಬರ ಮುಂದೆ ಮಾತ್ರ ಬರೆಯಬೇಕು. ಅದು ಇಲ್ಲದಿದ್ದರೆ ಮತ ಅಸಿಂಧು. ಟಿಕ್ ಗುರುತು ಅಂಕಿಗೆ ಸಮವಲ್ಲ. ಸಹಿ, ಹೆಸರು ಅಥವಾ ತಮ್ಮ ಗುರುತು ತಿಳಿಯುವಂಥ ಯಾವ ಚಿಹ್ನೆಯೂ ಕೂಡದು. ಮತಗಟ್ಟೆಯಲ್ಲಿ ನೀಡುವ ಲೇಖನಿಯನ್ನೇ ಬಳಸಬೇಕು. ಎರಡನೆಯ ಪ್ರಾಶಸ್ತ್ಯ ಕಡ್ಡಾಯವಲ್ಲ; ಅದನ್ನು ನೀಡಿದರೆ ತಮ್ಮ ಮೊದಲ ಆಯ್ಕೆಗೆ ಹಾನಿಯೂ ಇಲ್ಲ. ಆದರೆ ಮೊದಲ ಆಯ್ಕೆಯ ಅಭ್ಯರ್ಥಿ ಹೊರಬಿದ್ದಾಗ, ಎರಡನೆಯದನ್ನು ಬರೆಯದವರ ಮತ ಅಲ್ಲಿಗೇ ನಿಲ್ಲುತ್ತದೆ. ಬರೆದವರ ಮತ ಮುಂದೆ ಸಾಗುತ್ತದೆ.

ಗ್ರಾಮದ ಜನರು ತಮ್ಮ ಮೇಲಿಟ್ಟ ನಂಬಿಕೆಯೂ ಆ ಒಂದು ಮತದೊಡನೆ ಸಾಗುತ್ತದೆ. ಅದು ವ್ಯರ್ಥವಾಗದಿರಲಿ.