ಫಿಸಿಯೋಥೆರಪಿಗೆ ಮೊದಲ ಸಲ ಹೋಗುವವರಿಗೆ



ನಮ್ಮ ಹಾಸನದ ಕಡೆ ಫಿಸಿಯೋಥೆರಪಿಗೆ ಹೋಗಿಬಂದವರನ್ನು ‘ಏನು ಮಾಡಿದರು?’ ಎಂದು ಕೇಳಿ ನೋಡಿ. ‘ಕರೆಂಟ್ ಕೊಟ್ಟರು’ ಎನ್ನುತ್ತಾರೆ. ಮುಂದೆ ಕೇಳಿದರೆ, ‘ಐದು ದಿನ ಕರೆಂಟ್ ಇಡಿಸಿಕೊಂಡೆ, ಗುಣ ಕಾಣಲಿಲ್ಲ, ಬಿಟ್ಟುಬಿಟ್ಟೆ’ ಎಂಬ ಉತ್ತರ. ಪುಸ್ತಕಗಳಲ್ಲಿ ಭೌತಚಿಕಿತ್ಸೆ ಎಂದು ಕರೆಯುವ ಈ ಚಿಕಿತ್ಸೆಯ ಬಗ್ಗೆ ನಮ್ಮಲ್ಲಿರುವ ದೊಡ್ಡ ತಪ್ಪು ತಿಳಿವಳಿಕೆ ಇದೇ. ಕರೆಂಟು, ಶಾಖ, ಬಿಸಿ ಮೇಣ ಇವೆಲ್ಲ ನೋವನ್ನು ಸ್ವಲ್ಪ ಹೊತ್ತು ತಗ್ಗಿಸಿ, ಅಂಗವನ್ನು ಆಡಿಸಲು ಅನುವು ಮಾಡಿಕೊಡುವ ಉಪಾಯಗಳು. ಚಿಕಿತ್ಸೆಯ ಮುಖ್ಯಭಾಗ ವ್ಯಾಯಾಮ. ಅದನ್ನು ಮಾಡಬೇಕಾದವರು ರೋಗಿಗಳೇ. ಅದೂ ಹೆಚ್ಚಾಗಿ ಮನೆಯಲ್ಲಿ.

ನಾನು ವೈದ್ಯನಲ್ಲ. ವಿಜ್ಞಾನ ಓದಿ ದೂರದರ್ಶನಕ್ಕೆ ಕಾರ್ಯಕ್ರಮ ಮಾಡುವವನು. ಆರೋಗ್ಯದ ಕಾರ್ಯಕ್ರಮಗಳಿಗಾಗಿ ತಜ್ಞರ ಎದುರು ಕುಳಿತು ಕೇಳಿದ್ದು ಬಹಳಷ್ಟಿದೆ. ಆದರೆ ವಿಷಯ ತಲೆಗೆ ಹತ್ತಿದ್ದು ಮನೆಯಲ್ಲೇ ಪೆಟ್ಟು ಬಿದ್ದ ಮೇಲೆ.

ಕೆಲವು ವರ್ಷಗಳ ಹಿಂದೆ, ಅರಕಲಗೂಡು ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿದ್ದ ತಾಯಿಯವರಿಗೆ ಎಡಭಾಗಕ್ಕೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದೆವು. ಹಾಸಿಗೆಯಿಂದ ಎಬ್ಬಿಸುವಾಗಲೆಲ್ಲ ನಾನೊಂದು ತೋಳು, ತಮ್ಮನೊಂದು ತೋಳು ಹಿಡಿದು ಮೇಲಕ್ಕೆ ಎತ್ತುತ್ತಿದ್ದೆವು. ‘ಭುಜ ನೋಯ್ತದೆ ಕಣಪ್ಪಾ’ ಎಂದು ಅವರು ಹೇಳುತ್ತಿದ್ದರು. ಅದು ಲಕ್ವದ ನೋವೇ ಇರಬೇಕೆಂದು ನಾವು ತಳ್ಳಿಹಾಕಿದೆವು. ಮೂರು ವಾರದ ನಂತರ ಹಾಸನಕ್ಕೆ ಕರೆದೊಯ್ದಾಗ ಅಲ್ಲಿದ್ದ ಫಿಸಿಯೋಥೆರಪಿಸ್ಟ್, ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಭುಜವನ್ನು ಮುಟ್ಟಿ ನೋಡಿ, ‘ಈ ಕೈ ಹಿಡಿದು ಎಳೆದೋರು ಯಾರು ಸರ್?’ ಎಂದು ಕೇಳಿದರು.

ಸ್ನಾಯುಗಳು ಸೋತಾಗ ತೋಳಿನ ಭಾರಕ್ಕೇ ಭುಜದ ಕೀಲು ತನ್ನ ಗೂಡಿನಿಂದ ಕೆಳಕ್ಕೆ ಜಾರತೊಡಗುತ್ತದೆಯಂತೆ. ಅದರ ಮೇಲೆ ನಾವು ದಿನಕ್ಕೆ ಹತ್ತು ಸಲ ಎಳೆದಿದ್ದೆವು. ಕಾಲಿಗೆ ಬಲ ಬಂದು ತಾಯಿಯವರು ಜಗಲಿಯವರೆಗೆ ನಡೆಯುವಂತಾದ ಮೇಲೂ ಆ ಭುಜದ ನೋವು ತಿಂಗಳುಗಟ್ಟಲೆ ಉಳಿಯಿತು. ಆದ್ದರಿಂದ, ಲಕ್ವದವರನ್ನು ಎಬ್ಬಿಸುವಾಗ ಕೈ ಹಿಡಿದು ಎಳೆಯಬೇಡಿ. ಬೆನ್ನಿಗೆ, ಸೊಂಟಕ್ಕೆ ಆಸರೆ ಕೊಡಿ. ಕೂತಾಗ ಸೋತ ಕೈಯನ್ನು ದಿಂಬಿನ ಮೇಲಿಡಿ; ಜೋತುಬೀಳಲು ಬಿಡಬೇಡಿ. ಅವರಿಂದ ಆಗುವ ಕೆಲಸವನ್ನು ನೀವು ಮಾಡಿಕೊಡಬೇಡಿ. ಇದು ಕಠಿಣವೆನಿಸಬಹುದು. ಆದರೆ ಮಿದುಳಿನ ಒಂದು ಭಾಗಕ್ಕೆ ಪೆಟ್ಟಾದಾಗ ಉಳಿದ ಭಾಗಗಳು ಆ ಕೆಲಸವನ್ನು ಕಲಿಯುವುದು ಮತ್ತೆ ಮತ್ತೆ ಮಾಡುವುದರಿಂದಲೇ. ಈ ಕಲಿಕೆ ಚುರುಕಾಗಿರುವುದು ಮೊದಲ ಮೂರು ತಿಂಗಳಲ್ಲಿ. ಎಣ್ಣೆ ಹಚ್ಚಿಸಿ ನೋಡೋಣ, ಆಮೇಲೆ ಹೋಗೋಣ ಎನ್ನುವಷ್ಟರಲ್ಲಿ ಆ ಕಾಲ ಕಳೆದಿರುತ್ತದೆ. ನಂತರವೂ ಸುಧಾರಣೆ ಇದೆ, ಆದರೆ ನಿಧಾನ.

ಎಣ್ಣೆಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಮೊಣಕೈ ಮುರಿದು ಪಟ್ಟಿ ಬಿಚ್ಚಿದ ಮೇಲೆ ಅದು ಮಡಚಲಾರದಂತೆ ಬಿಗಿದಿರುತ್ತದೆ. ಆಗ ಎಣ್ಣೆ ಹಾಕಿ ಬಲವಾಗಿ ತಿಕ್ಕುವುದು, ಹಿಡಿದು ಬಗ್ಗಿಸುವುದು ಅಪಾಯ. ಸ್ನಾಯುವಿನೊಳಗೇ ಮೂಳೆ ಬೆಳೆದು ಕೀಲು ಖಾಯಂ ಆಗಿ ಬಿಗಿಯಬಹುದು. ರೋಗಿ ತಾನೇ, ತನ್ನ ಬಲದಿಂದ, ದಿನಕ್ಕೆ ಹಲವು ಬಾರಿ ಮಡಚಿ ಬಿಡಿಸಬೇಕು. ಹಾಗೆಯೇ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಉಜ್ಜದೆ ಕೂಡಲೇ ವೈದ್ಯರಿಗೆ ತೋರಿಸಿ. ರಕ್ತ ಹೆಪ್ಪುಗಟ್ಟಿರುವ ಸಂಭವವಿದೆ.

ಈಗ ದೂರದ ಪ್ರಶ್ನೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಯಾವುದರಿಂದ ಹೊರಟರೂ ಹಾಸನಕ್ಕೆ 30ರಿಂದ 40 ಕಿಲೋಮೀಟರ್. ಹಳ್ಳಿಯಿಂದಾದರೆ ಇನ್ನೂ ಹೆಚ್ಚು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಜೊತೆಗೆ ಬರುವ ಮಗನ ಒಂದು ದಿನದ ಕೂಲಿ ಹೋಗುತ್ತದಲ್ಲ! ಆಲೂಗೆಡ್ಡೆ ಬಿತ್ತನೆಯ ದಿನಗಳಲ್ಲಿ ಯಾರು ಬಂದಾರು? ಜನ ಅರ್ಧಕ್ಕೆ ಬಿಡುವುದು ಸೋಮಾರಿತನದಿಂದಲ್ಲ. ಆದ್ದರಿಂದ ಮೊದಲ ದಿನವೇ ಸಂಕೋಚವಿಲ್ಲದೆ ಹೇಳಿಬಿಡಿ: ‘ದಿನಾ ಬರೋಕಾಗಲ್ಲ, ಮನೇಲಿ ಮಾಡೋದನ್ನ ಕಲಿಸಿಕೊಡಿ.’ ತೋರಿಸಿದ್ದನ್ನು ಅವರ ಎದುರೇ ಒಮ್ಮೆ ಮಾಡಿ ಒಪ್ಪಿಸಿ. ಎಷ್ಟು ಸಲ, ಎಷ್ಟು ಹೊತ್ತು, ಮತ್ತೆ ಯಾವಾಗ ಬರಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಲು ಒಪ್ಪಿದರೆ ಇನ್ನೂ ಒಳ್ಳೆಯದು. ಹಾಸನಕ್ಕೆ ಹೊರಡುವ ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸುವುದನ್ನೂ ಮರೆಯಬೇಡಿ.

ಎಕ್ಸ್‌ರೇ, ಹಳೆಯ ಚೀಟಿಗಳು ಜೊತೆಗಿರಲಿ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಶಾಖದಿಂದ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಎದೆಯಲ್ಲಿ ಪೇಸ್‌ಮೇಕರ್, ಮೂಳೆಯಲ್ಲಿ ರಾಡು ಇದ್ದರೆ ಅದನ್ನೂ ಹೇಳಿ. ಕೆಲವು ಯಂತ್ರಗಳನ್ನು ಅಂಥವರಿಗೆ ಬಳಸುವಂತಿಲ್ಲ. ಚಿಕಿತ್ಸೆ ಕೊಡುವವರು ಬಿ.ಪಿ.ಟಿ. ಪದವೀಧರರೇ ಎಂದು ಕೇಳುವುದು ಅಗೌರವವಲ್ಲ.

ನೋವಾದರೆ ನಿಲ್ಲಿಸಬೇಕೆ? ಇದು ಎಲ್ಲರ ಪ್ರಶ್ನೆ. ವ್ಯಾಯಾಮದ ಹೊತ್ತಿನಲ್ಲಿ ಎಳೆತ, ಸ್ವಲ್ಪ ನೋವು ಸಹಜ. ಮರುದಿನ ಬೆಳಿಗ್ಗೆಗೆ ಅದು ಇಳಿದಿರಬೇಕು. ಇಳಿಯದಿದ್ದರೆ ಪ್ರಮಾಣ ಹೆಚ್ಚಾಯಿತೆಂದು ಅರ್ಥ, ಕಡಿಮೆ ಮಾಡಿ. ಕೀಲು ಊದಿಕೊಂಡರೆ, ಜೋಮು ಹಿಡಿದರೆ, ನೋವು ಕಾಲಿನುದ್ದಕ್ಕೂ ಛಳಕು ಹೊಡೆದರೆ ನಿಲ್ಲಿಸಿ, ಹೋಗಿ ಕೇಳಿ.

ಮಂಡಿ ಸವೆದವರಿಗೆ ಕಲಿಸುವ ಮೊದಲ ವ್ಯಾಯಾಮ ಬಹಳ ಸರಳ. ಕಾಲು ಚಾಚಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸಿ ಬಿಡುವುದು. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಯ ಮೇಲಿನ ಹೊರೆ ಇಳಿಯುತ್ತದೆ. ಇಷ್ಟು ಸರಳವಾದ್ದರಿಂದಲೇ ಯಾರೂ ನಂಬುವುದಿಲ್ಲ! ಫಲ ಕಾಣಲು ಆರೆಂಟು ವಾರ ಬೇಕು. ಶ್ರವಣಬೆಳಗೊಳದ ಬೆಟ್ಟ ಹತ್ತಬೇಕೆನ್ನುವವರು ಅಲ್ಲಿಯವರೆಗೆ ತಾಳಬೇಕು. ಹತ್ತುವುದಕ್ಕಿಂತ ಇಳಿಯುವಾಗಲೇ ಮಂಡಿಗೆ ತ್ರಾಸ ಹೆಚ್ಚು.

ನಮ್ಮ ತಾಯಿಯವರಿಗೆ ಎಣಿಸಿಕೊಂಡು ವ್ಯಾಯಾಮ ಮಾಡುವುದೆಂದರೆ ಬೇಸರ. ಕೊನೆಗೆ ಅವರೇ ದಾರಿ ಕಂಡುಕೊಂಡರು: ಟಿ.ವಿ.ಯಲ್ಲಿ ಧಾರಾವಾಹಿಯ ನಡುವೆ ಜಾಹೀರಾತು ಬಂದಾಗಲೆಲ್ಲ ವ್ಯಾಯಾಮ, ಕತೆ ಶುರುವಾದಾಗ ವಿಶ್ರಾಂತಿ. ನಮ್ಮ ವಾಹಿನಿಯಲ್ಲಿ ಜಾಹೀರಾತು ಸಾಲದು ಎಂದು ನನ್ನ ಮೇಲೆ ಅವರ ದೂರು.